ಗಂಟು ಬಿಚ್ಚುವ ಹೊತ್ತು

ಬಳ್ಳಾರಿ
9 ಜೂನ್ 2024

ಅತ್ತೆಮ್ಮ, ಜೈಭೀಮ್.

ನಾನು, ಪಂಪಿ ಇಬ್ಬರೂ ಆರಾಮ ಇದ್ದೇವೆ.

ಮೊನ್ನೆ ಫೋನಿನಲ್ಲಿ ನಾನು ಕೂಗಿ ಹೇಳಿದ್ದೆಲ್ಲ ಕೌಲ್‌ಬಜಾರಿನ ನಮ್ಮ ಇಡೀ ಓಣಿಗೆ ಕೇಳಿತು, ನಿಮಗೊಬ್ಬರಿಗೆ ಕೇಳಲಿಲ್ಲ. ಇಪ್ಪತ್ತು ವರ್ಷ ರೈಸ್‌ಮಿಲ್ಲಿನ ಸದ್ದು ತಿಂದ ಕಿವಿ ಅದು. ಹಾಗಾಗಿ ಇನ್ನು ಮೇಲೆ ಪತ್ರವೇ ವಾಸಿ. ಅಂಚೆಗೆ ಹಾಕಿದರೆ ನಾಲ್ಕು ದಿನ, ಸಿರುಗುಪ್ಪ ಬಸ್ಸಿನ ಕಂಡಕ್ಟರ್ ಸಾವಂತ್ರಮ್ಮನ ಕೈಯಲ್ಲಿ ಕೊಟ್ಟರೆ ಎರಡು ತಾಸು. ಹೇಗೂ ನಿಮ್ಮ ಪಕ್ಕದ ಮನೆಯವರು. "ನಿಮ್ಮತ್ತಿ ಸೊಸಿ ಸುದ್ದಿ ನಾನ್ ಯಾಕ ಓದ್ಲಿ, ನನ್ನ ಮನ್ಯಾಗಿನ ಸುದ್ದೀನ ನನಗ ಸಾಕಾಗೇತಿ" ಅಂದು ಚೀಲದೊಳಗೆ ಇಟ್ಟುಕೊಂಡರು.

ಜೀನ್ಸ್ ಯೂನಿಟ್ಟಿನಲ್ಲಿ ಕೆಲಸ ಗಟ್ಟಿಯಾಗಿದೆ. ಹೊಲಿದು ಬಂದ ಪ್ಯಾಂಟುಗಳ ಚೆಕಿಂಗ್ ನನ್ನದು. ಬಟನ್ ಜಗ್ಗಿ ನೋಡುವುದು, ಉಳಿದ ನೂಲು ಕತ್ತರಿಸುವುದು. ಬಿ.ಕಾಂ. ಓದಿ ನೂಲು ಕತ್ತರಿಸ್ತೀಯಾ ಅಂತ ಕೇಳಬೇಡಿ. ಓನರ್ ದೊಡ್ಡಬಸಪ್ಪನವರು ಬೇಸಿಗೆ ರಜೆಯಲ್ಲಿ ಪಂಪಿಯನ್ನು ಕರೆತರಲು ಬಿಟ್ಟರು. ಬೇರೆ ಯಾರು ಬಿಡುತ್ತಾರೆ? ಅವಳು ನನ್ನ ಮೇಜಿನ ಕೆಳಗೆ ಕೂತು, ಬಿದ್ದ ನೂಲಿನ ತುಂಡುಗಳನ್ನು ಒಂದಕ್ಕೊಂದು ಗಂಟು ಹಾಕುತ್ತಾಳೆ. ಮಾತಿಲ್ಲದಿದ್ದರೂ ಬೆರಳು ಎಷ್ಟು ಚುರುಕು. ಅವಳು ಹಾಕಿದ ಗಂಟು ನನಗೆ ಬಿಚ್ಚಲು ಬರಲ್ಲ, ಅವಳೇ ಹಲ್ಲು ಹಚ್ಚಿ ಬಿಚ್ಚುತ್ತಾಳೆ.

ಈ ವಾರ ನಿಮ್ಮ ಮೊಮ್ಮಗಳನ್ನು ಒಂದನೇ ತರಗತಿಗೆ ಸೇರಿಸಿದೆ. ಸ್ವಲ್ಪ ಹಟ ಮಾಡುತ್ತಾಳೆ, ಅಷ್ಟೇ.

ನಿಮ್ಮ ಮಗನ ಸುದ್ದಿ ಏನಾದರೂ ಬಂತೇ? ಹೈದರಾಬಾದಿನಲ್ಲೇ ಇದ್ದಾರಾ? ಸುಮ್ಮನೆ ಕೇಳಿದೆ.

ನಿಮ್ಮ
ಯಶೋಧರಾ


ಸಿರುಗುಪ್ಪ
16 ಜೂನ್ 2024

ಯಶೋಧಾ,

ನಿನ್ನ ಕಾಗದ ಮುಟ್ಟಿತು. ಓದಾಕ ಒಂದು ದಿನ ಹಿಡೀತು. ಅಕ್ಷರ ಕಲಿಯೋ ರಾತ್ರಿ ಸಾಲ್ಯಾಗ ನಾನು ಕಲಿತದ್ದು ದಪ್ಪ ಅಕ್ಷರ, ನೀನು ಇರಿವಿ ಸಾಲಿನಂಗ ಬರೀತಿ. ದೊಡ್ಡದು ಮಾಡಿ ಬರಿ.

ಕೂಸು ಸಾಲಿಗೆ ಹೋದದ್ದು ಕೇಳಿ ಹೊಟ್ಟಿ ತುಂಬಿತು. ನಮ್ಮವ್ವನ ಹೆಸರು ಇಟ್ಟೀವಿ, ಪಂಪಾವತಿ. ನಮ್ಮವ್ವನೂ ಬಾಳ ಹಟಮಾರಿ. ಮಾತು ತಡ ಆಗ್ತೈತಿ, ಆಗಲಿ. ಮಾತಾಡೋರು ಏನು ಉದ್ಧಾರ ಮಾಡ್ಯಾರ ಲೋಕಾನ.

ನನ್ನ ತಮ್ಮ ಸುಂಕಪ್ಪ ಕುರುಗೋಡಿಂದ ಬಂದಿದ್ದ. ಚಿಕ್ಕು ತಂದಿದ್ದ, ಸಾವಂತ್ರಿ ಕೈಯಾಗ ನಾಕು ಕಳಿಸೀನಿ. ಬಸ್ಸಿನ್ಯಾಗ ಅಕಿ ಎರಡು ತಿಂದರ ಎರಡು ಮುಟ್ಟತಾವ.

ಶೇಖರನ ಸುದ್ದಿ ಏನಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು.

ಹುಲುಗಮ್ಮ


ಬಳ್ಳಾರಿ
7 ಜುಲೈ 2024

ಅತ್ತೆಮ್ಮ,

ಮೂರು ಚಿಕ್ಕು ಮುಟ್ಟಿದವು. ಸಾವಂತ್ರಮ್ಮ ಒಂದನ್ನೇ ತಿಂದಿದ್ದಾರೆ.

ಅಕ್ಷರ ದೊಡ್ಡದು ಮಾಡಿದ್ದೇನೆ. ದೊಡ್ಡ ಅಕ್ಷರದಲ್ಲಿ ಇದನ್ನು ಬರೆಯಲು ನಾಚಿಕೆ ಆಗುತ್ತದೆ. ಪಂಪಿ ಸಾಲಿಗೆ ಹೋಗುತ್ತಿಲ್ಲ. ಹೋದದ್ದು ಒಂಬತ್ತು ದಿನ. ಹತ್ತನೆಯ ದಿನ ಪಕ್ಕದಲ್ಲಿ ಕೂತ ಹುಡುಗಿಯ ಕೆನ್ನೆ ಕಚ್ಚಿದಳು, ರಕ್ತ ಬಂತು. ಆ ಹುಡುಗಿಯ ಅಮ್ಮ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಕಚ್ಚಿದ್ದು ನಾನೇ ಅನ್ನಿಸಿತು. ಹೆಡ್‌ಮೇಡಂ ಕುರ್ಚಿ ಕೊಟ್ಟು ಕೂರಿಸಿ, "ಇಂಥ ಮಕ್ಕಳಿಗೆ ಬೇರೆ ಕಡೆ ಸೌಲಭ್ಯ ಇರ್ತಾವ, ವಿಚಾರಿಸಿರಿ" ಅಂದರು. ವಿಚಾರಿಸಿದೆ. ಡಾಕ್ಟರು ಆಟಿಸಂ ಅನ್ನುತ್ತಾರೆ, ದಿನಾ ಒಂದು ತಾಸು ಥೆರಪಿ ಕೊಡಿಸಿ ಅನ್ನುತ್ತಾರೆ. ಆ ತಾಸು ಬೆಳಿಗ್ಗೆ ಹನ್ನೊಂದಕ್ಕೆ. ಹನ್ನೊಂದಕ್ಕೆ ನಾನು ಚೆಕಿಂಗ್ ಮೇಜಿನ ಮುಂದೆ ಇರಬೇಕು.

ಯೂನಿಟ್ಟಿಗೂ ಕರೆದೊಯ್ಯುವ ಹಾಗಿಲ್ಲ ಈಗ. ಓಡುತ್ತಿದ್ದ ಮಷಿನ್ನಿನ ಸೂಜಿ ಕೆಳಗೆ ಕೈ ಇಟ್ಟಳು. ಹೊಲಿಯುವವನು ಸರಿಯಾದ ಹೊತ್ತಿಗೆ ಪೆಡಲಿನಿಂದ ಕಾಲು ತೆಗೆದ. ದೊಡ್ಡಬಸಪ್ಪನವರು ಬಯ್ಯಲಿಲ್ಲ. "ತಂಗಿ, ನಾಳಿ ಅಕಿ ಬೆರಳು ಹೋದರ ನಾನೂ ನೀನೂ ಇಬ್ಬರೂ ಮಲಗಂಗಿಲ್ಲ ಜನ್ಮದಾಗ" ಅಂದರು. ಖರೆ ಮಾತು. ನಾನಂತೂ ಈಗಲೇ ಮಲಗುತ್ತಿಲ್ಲ. ಅವಳು ಎರಡು ತಾಸು ಮಲಗಿದರೆ ಹೆಚ್ಚು, ಎದ್ದು ಗೋಡೆಗೆ ತಲೆ ಬಡಿದುಕೊಳ್ಳುತ್ತಾಳೆ. ನಾನು ಗೋಡೆಗೂ ತಲೆಗೂ ನಡುವೆ ಅಂಗೈ ಇಟ್ಟುಕೊಂಡು ಕೂರುತ್ತೇನೆ. ಬೆಳಿಗ್ಗೆ ಯೂನಿಟ್ಟಿನಲ್ಲಿ ಪ್ಯಾಂಟಿನ ಬಟನ್ ಎರಡೆರಡು ಕಾಣುತ್ತವೆ.

ಪಕ್ಕದ ಮನೆಯ ವಿರೂಪಮ್ಮನವರು ಮೂರು ದಿನ ನೋಡಿಕೊಂಡರು. ನಾಲ್ಕನೆಯ ದಿನ ಅವರ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಅವರನ್ನು ದೂರುತ್ತಿಲ್ಲ.

ಸಿರುಗುಪ್ಪದಲ್ಲಿ ನಿಮ್ಮ ಅಂಗಳ ದೊಡ್ಡದು. ಸುತ್ತ ಕಾಂಪೌಂಡು ಇದೆ. ಪಂಪಿಗೆ ಅಂಗಳ ಅಂದರೆ ಇಷ್ಟ. ಹೀಗೇ ನೆನಪಾಯಿತು, ಬರೆದೆ.

ಯಶೋಧರಾ


ಸಿರುಗುಪ್ಪ
21 ಜುಲೈ 2024

ಯಶೋಧಾ,

ಈ ಸಲ "ಆರಾಮ ಇದ್ದೇವೆ" ಅಂತ ನೀನು ಬರದಿಲ್ಲ. ಎರಡು ಸಲ ಹುಡುಕಿ ನೋಡಿದೆ.

ಕೂಸಿಗೆ ಹಂಗೆಲ್ಲ ರೋಗದ ಹೆಸರು ಇಡಬ್ಯಾಡ. ಅಂಗಳ ನೆನಪಾದದ್ದು ತಿಳೀತು. ಅಂಗಳಾನೂ ನೆನಸ್ತೈತಿ ಅಕೀನ. ಆದರ ಈಗ ಬ್ಯಾಡ ನಮ್ಮವ್ವಾ. ಹಿಂದಿನ ಗೋಡಿ ಬಿದ್ದೈತಿ, ಕಟ್ಟಸಾಕ ಹತ್ತೀನಿ, ಕಲ್ಲು ಮಣ್ಣು ಬಿದ್ದಾವ. ದೀಪಾವಳಿ ಆಗಲಿ, ನೋಡೋಣು.

ಕಾಲುವಿಗೆ ನೀರು ಬಿಟ್ಟಾರ. ನಾಟಿ ಹಚ್ಚೋ ಹೆಣಮಕ್ಕಳು ಟಂಟಂ ಗಾಡಿ ತುಂಬ ಹೊಂಟಾರ ಮುಂಜಾನಿಂದ. ನಮ್ಮ ಕಾಲದಾಗ ಟಂಟಮ್ಮೂ ಇಲ್ಲ, ಕೂಸು ಹಿಡಿಯಾಕ ಯಾರೂ ಇಲ್ಲ. ನಿಮ್ಮಾವ ತೀರಿಕೊಂಡು ಆರು ತಿಂಗಳು ಆಗಿತ್ತು, ಶೇಖರಗ ವರ್ಷ ಒಂದೂವರಿ. ಬಿಟ್ಟರ ಸೀದಾ ನೀರಿಗೆ ಹೋಗಾಂವ. ಕಾಲುವಿ ಏರಿ ಮ್ಯಾಲ ಒಂದು ಜಾಲಿಗಿಡ ಇತ್ತು. ಹಳೀ ಸೀರಿ ಸೆರಗು ಹರದು ಒಂದು ತುದಿ ಅವನ ನಡಕ್ಕ, ಒಂದು ತುದಿ ಗಿಡಕ್ಕ ಕಟ್ಟಿ ಗದ್ದಿಗೆ ಇಳೀತಿದ್ದೆ. ಅಳಾಂವ, ಅತ್ತು ಮಲಗಾಂವ. ಹೊತ್ತು ಮುಳುಗಿದ ಮ್ಯಾಲ ಬಂದು ಬಿಚ್ಚಿದರ ಕೊರಳಿಗೆ ಬಿದ್ದು ನಗಾಂವ. ಏನಾತು ಅವಂಗ? ಬೆಳದ.

ಹೆಣ್ಣು ಒಬ್ಬಾಕಿನ ಕೂಸು ಸಾಕೋದು ಹಿಂಗ ಇರತೈತಿ. ನೀ ಎದಿ ಒಡಕೋಬ್ಯಾಡ.

ಹುಲುಗಮ್ಮ


ಬಳ್ಳಾರಿ
4 ಆಗಸ್ಟ್ 2024

ಅತ್ತೆಮ್ಮ,

ಆರಾಮ ಇದ್ದೇವೆ.

ಗೋಡೆ ಕಟ್ಟಿಸುವಾಗ ಮಗು ಬಂದರೆ ತೊಂದರೆ ಅನ್ನುವುದು ಅರ್ಥ ಆಗುತ್ತದೆ. ಇಂಥ ಮಗುವನ್ನು ಓಣಿಯವರು ನೋಡುತ್ತಾರೆ, ಕೇಳುತ್ತಾರೆ. ನಾನಾದರೂ ಹಾಗೇ ಬರೆಯುತ್ತಿದ್ದೆನೇನೋ.

ನೀವು ಬರೆದದ್ದರಲ್ಲಿ ಒಂದು ಕೇಳಬೇಕಿತ್ತು. ಆ ಸೆರಗು ಎಷ್ಟು ಉದ್ದ ಬಿಡುತ್ತಿದ್ದಿರಿ? ಗಂಟು ಹೇಗೆ ಹಾಕಿದರೆ ಮೈಗೆ ಒತ್ತುವುದಿಲ್ಲ? ಮಗು ತಾನೇ ಬಿಚ್ಚಿಕೊಳ್ಳುತ್ತಿರಲಿಲ್ಲವೇ?

ಯಶೋಧರಾ


ಸಿರುಗುಪ್ಪ
11 ಆಗಸ್ಟ್ 2024

ನನ್ನ ಮಗಳಾ,

ನಿನ್ನ ಕಾಗದ ಓದಿ ಬಾಳ ದಿನದ ಮ್ಯಾಲ ನಕ್ಕೆ. ಸಾವಂತ್ರಿ ಬಂದು "ಏನಬೇ ಮುದುಕಿ, ಲಗ್ನ ಗೊತ್ತಾತೇನು ನಿಂದು" ಅಂದಳು. ನನಗ ತಿಳೀತು ನೀನು ಯಾಕ ಕೇಳೀಯಂತ. ಬಿಟ್ಟು ಹೋಗಿ ಎರಡು ವರ್ಷ ಆದರೂ ನಿನ್ನ ಮನಸಿನ್ಯಾಗ ಅಂವ ಅದಾನ. ಅವನ ಸಣ್ಣಂದಿನ ಸುದ್ದಿ ಕೇಳಾಕ ನೆಪ ಬೇಕಿತ್ತು ನಿನಗ.

ಹಂಗಾರ ಕೇಳು. ಸೆರಗು ನಾಕು ಮೊಳ, ನೀರಿನ ಅಂಚಿಗೆ ಮುಟ್ಟಬಾರದು, ನೆರಳಿನ್ಯಾಗ ಹೊರಳಾಡಾಕ ಬರಬೇಕು. ನಡಕ್ಕ ಕಟ್ಟಬೇಕು. ಕೈಗೆ ಕಾಲಿಗೆ ಅಲ್ಲ. ಎರಡು ಬೆರಳು ಒಳಗ ಹೋಗುವಷ್ಟು ಸಡಿಲ. ಗಂಟು ಬೆನ್ನಿನ ಕಡೆ ಬರಬೇಕು, ಕೈಗೆ ಸಿಗಬಾರದು. ನಿನ್ನ ಗಂಡ ಬಾಳ ಜಾಣ, ಒಂದಿನ ಸೆರಗು ಕಡದು ಗದ್ದಿ ತನಕ ಬಂದು ಕೆಸರಿನ್ಯಾಗ ಕುಂತು ನನ್ನ ಹಾಡಿಗೆ ಚಪ್ಪಾಳಿ ಹೊಡದ.

ಇದನ್ನೆಲ್ಲ ಒಂದಿನ ಪಂಪಿಗೆ ಹೇಳು.

ಹುಲುಗಮ್ಮ


ಬಳ್ಳಾರಿ
8 ಸೆಪ್ಟೆಂಬರ್ 2024

ಅತ್ತೆಮ್ಮ,

ಆರಾಮ. ದೀಪಾವಳಿಯ ಲೋಡು ಶುರುವಾಗಿದೆ, ಪುರುಸೊತ್ತಿಲ್ಲ. ನನ್ನನ್ನು ಚೆಕಿಂಗಿಗೆ ಸೂಪರ್‌ವೈಸರ್ ಮಾಡಿದ್ದಾರೆ. ಪಂಪಿ ಈಗ ಮನೆಯಲ್ಲೇ ಇರುತ್ತಾಳೆ, ಸಮಾಧಾನವಾಗಿದ್ದಾಳೆ. ಒಂದು ವ್ಯವಸ್ಥೆ ಆಗಿದೆ.

ಪತ್ರ ಕೊಡುವಾಗ ಸಾವಂತ್ರಮ್ಮ ಏನೋ ಹೇಳಲು ಬಾಯಿ ತೆರೆದು, ಆಮೇಲೆ ಸುಮ್ಮನೆ ಟಿಕೆಟ್ ಮಷಿನ್ ಒತ್ತತೊಡಗಿದರು. ನೀವು ಹುಷಾರಾಗಿದ್ದೀರಿ ತಾನೇ?

ಯಶೋಧರಾ


ಬಳ್ಳಾರಿ
3 ಅಕ್ಟೋಬರ್ 2024

ಅತ್ತೆಮ್ಮ,

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಪಂಪಿ ಮಲಗಿದ್ದಾಳೆ, ಎಡಗೈಗೆ ಪಟ್ಟಿ ಸುತ್ತಿದ್ದಾರೆ. ಕೈ ಉಳಿಯುತ್ತದೆ ಅಂದರು. ಮೊದಲು ಇದನ್ನು ಓದಿಕೊಂಡು ಆಮೇಲೆ ಮುಂದಿನದು ಓದಿ.

ಎರಡು ತಿಂಗಳಿಂದ ನಾನು ಅವಳನ್ನು ಕಟ್ಟಿ ಕೆಲಸಕ್ಕೆ ಹೋಗುತ್ತಿದ್ದೆ.

ನಿಮ್ಮ ಪತ್ರದಲ್ಲಿದ್ದ ಹಾಗೆಯೇ ಶುರು ಮಾಡಿದೆ. ನಡಕ್ಕೆ, ಎರಡು ಬೆರಳು ಸಡಿಲ, ಗಂಟು ಬೆನ್ನಿಗೆ. ಯೂನಿಟ್ಟಿನಲ್ಲಿ ಕತ್ತರಿಸಿ ಬಿಸಾಡುವ ಜೀನ್ಸ್ ಅಂಚಿನ ಪಟ್ಟಿ ತಂದೆ, ಅದು ಹರಿಯುವುದಿಲ್ಲ. ಮಂಚದ ಕಾಲಿಗೆ ಕಟ್ಟಿದೆ. ಆದರೆ ಗಂಟಿನ ವಿದ್ಯೆ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಮೊದಲ ದಿನವೇ ಪಟ್ಟಿಯನ್ನು ಮುಂದಕ್ಕೆ ತಿರುಗಿಸಿಕೊಂಡು ಬಿಚ್ಚಿ, ಗ್ಯಾಸ್ ಒಲೆಯ ಹತ್ತಿರ ಕೂತಿದ್ದಳು. ಅದಕ್ಕೆ ಮಣಿಕಟ್ಟಿಗೆ ಸುತ್ತಿ ಮೇಲೆ ಹೊಲಿಗೆ ಹಾಕತೊಡಗಿದೆ. ದಿನಾ ಬೆಳಿಗ್ಗೆ ಹೊಲಿಯುತ್ತಿದ್ದೆ. ಅವಳು ಕೈ ಚಾಚಿ ನೋಡುತ್ತಿದ್ದಳು, ಅಳುತ್ತಿರಲಿಲ್ಲ. ಮಧ್ಯಾಹ್ನ ಓಡಿ ಬಂದು ಉಣಿಸಿ ಹೋಗುತ್ತಿದ್ದೆ. ಸಂಜೆ ಏಳಕ್ಕೆ ಬಂದು ಬೀಗ ತೆಗೆದು, ನೂಲು ಕತ್ತರಿಯಿಂದ ಹೊಲಿಗೆ ಬಿಚ್ಚುತ್ತಿದ್ದೆ. ಆಗ ಮಾತ್ರ ಅವಳು ನನ್ನ ಮುಖ ನೋಡುತ್ತಿದ್ದಳು, ಅತ್ತೆಮ್ಮ. ಬೇರೆ ಯಾವ ಹೊತ್ತಿನಲ್ಲೂ ನೋಡದವಳು.

ಮಂಗಳವಾರ ಪ್ಯಾಂಟುಗಳ ಒಂದು ಲಾಟು ವಾಪಸ್ ಬಂತು. ಬಟನ್ ಕಿತ್ತುಬಂದಿದ್ದವು, ನಾನೇ ಪಾಸು ಮಾಡಿದ್ದ ಲಾಟು. ಮಧ್ಯಾಹ್ನ ಮನೆಗೆ ಹೋಗುತ್ತೇನೆ ಅಂತ ಕೇಳಲು ಮುಖ ಇರಲಿಲ್ಲ. ಕರೆಂಟೂ ಹೋಗಿತ್ತು. ಫ್ಯಾನಿಲ್ಲದ ಖೋಲಿ. ಇಟ್ಟ ನೀರು ಒದ್ದು ಚೆಲ್ಲಿಕೊಂಡಿದ್ದಳು. ಮಂಚ ಎಳೆದುಕೊಂಡು ಬಾಗಿಲ ತನಕ ಬಂದಿದ್ದಾಳೆ. ಸುತ್ತಿ ಸುತ್ತಿ ಪಟ್ಟಿ ಕೈಗೆ ಬಿಗಿದಿದೆ. ವಿರೂಪಮ್ಮನವರು ಹಾರೆಯಿಂದ ಬೀಗ ಒಡೆದರು. "ಸದ್ದು ಮಾಡಿದಾಗ ಬರಲಿಲ್ಲ ನಾನು, ದಿನಾ ಮಾಡ್ತಾಳ. ಸದ್ದು ನಿಂತಾಗ ಬಂದೆ" ಅಂದರು. ಆಮೇಲೆ ನನ್ನ ಮುಖ ನೋಡಿ, "ದನ ಕಟ್ಟಿದರೂ ನಡುನಡುವೆ ಬಂದು ನೋಡತಾರವ್ವ" ಅಂದರು.

ಡಾಕ್ಟರು ಏನಾಯಿತು ಅಂತ ಕೇಳಿದರು. ಆಟ ಆಡುತ್ತಾ ಸುತ್ತಿಕೊಂಡಳು ಅಂದೆ. ಅವರು ಹಳೆಯ ಗುರುತುಗಳ ಮೇಲೆ ಬೆರಳಾಡಿಸಿ, ನನಗೊಂದು ಗ್ಲಾಸ್ ನೀರು ಕೊಟ್ಟರು. ಅವರು ಬಯ್ದಿದ್ದರೆ ಚೆನ್ನಾಗಿತ್ತು. ಮಕ್ಕಳ ರಕ್ಷಣೆಯವರು ನಾಳಿದ್ದು ಬರುತ್ತಾರಂತೆ, ಮಗು ಯಾರ ಬಳಿ ಇರುತ್ತದೆ ಅಂತ ಕೇಳುತ್ತಾರಂತೆ. ಏನು ಹೇಳಲಿ?

ನೀವು ಹೇಳಿಕೊಟ್ಟಿರಿ ಅಂತ ನಾನು ಅನ್ನುತ್ತಿಲ್ಲ. ನೀವು ಬರೆದದ್ದು ನಿಮ್ಮ ಕಷ್ಟ. ನಾನೇ ಅದನ್ನು ದಾರಿ ಅಂತ ಓದಿಕೊಂಡೆ.

ಯಶೋಧರಾ


ಸಿರುಗುಪ್ಪ
4 ಅಕ್ಟೋಬರ್ 2024

ಯಶೋಧಾ,

ಸಾವಂತ್ರಿ ನಿನ್ನ ಕಾಗದ ತಾನ ಓದಿ ಹೇಳಿದಳು. ಆಸ್ಪತ್ರಿ ಅನ್ನೋ ಮಾತಿನ ಮುಂದ ನನಗ ಓದಾಕ ಆಗಲಿಲ್ಲ. ನಾಳಿ ಮೊದಲ ಬಸ್ಸಿಗೆ ಬರತೀನಿ. ಆದರೂ ಬರೀತೀನಿ, ಬಾಯಿಲೆ ಹೇಳಾಕ ನನಗ ಧೈರ್ಯ ಇಲ್ಲ.

ನಾನು ಅರ್ಧ ಹೇಳಿದ್ದೆ. ಗದ್ದ್ಯಾಗ ನಾವು ಹನ್ನೆರಡು ಮಂದಿ ಹೆಣಮಕ್ಕಳು. ಒಂದು ಸಾಲು ಹಚ್ಚಿ ನಡ ಎತ್ತಿದಾಕಿ ಮೊದಲ ಗಿಡದ ಕಡೆ ನೋಡಾಕಿ. ಅಕಿ ಬಗ್ಗೂದರಾಗ ಇನ್ನೊಬ್ಬಾಕಿ ನಡ ಎತ್ತಾಕಿ. ಇದು ಯಾರೂ ಹೇಳಿಕೊಟ್ಟಿದ್ದಿಲ್ಲ, ಹಂಗ ರೂಢಿ ಇತ್ತು. ಉಚ್ಚಂಗೆಮ್ಮ ಅಂತ ಒಬ್ಬಾಕಿ, ಮೊಲಿಹಾಲು ಇದ್ದಾಕಿ, ಅಳು ಹೆಚ್ಚಾದರ ಏರಿ ಹತ್ತಿ ಹೋಗಿ ತನ್ನ ಹಾಲು ಕುಡಿಸಿ ಬರತಿದ್ದಳು. ಶೇಖರನ್ನ ಕಾಯ್ದದ್ದು ಸೆರಗಲ್ಲ, ಇಪ್ಪತ್ನಾಕು ಕಣ್ಣು. ನಿನಗ ಸೆರಗಿನ ಸುದ್ದಿ ಹೇಳಿದೆ, ಕಣ್ಣಿನ ಸುದ್ದಿ ಬಿಟ್ಟೆ. ನಾನೊಬ್ಬಾಕಿನ ಸಾಕಿದೆ ಅಂತ ದೊಡ್ಡಸ್ತಿಕಿ ನನಗ.

ಇನ್ನೊಂದು. ಗೋಡಿ ಬಿದ್ದಿದ್ದಿಲ್ಲ. ಶೇಖರ ಇಲ್ಲೇ ಇದ್ದ. ಫೆಬ್ರವರಿಯಿಂದ ನನ್ನ ಮನ್ಯಾಗ. ಬತ್ತ ಕೊಯ್ಯೋ ಮಷಿನ್ ಓಡಸ್ತಿದ್ದ. "ಆ ಕೂಸು ಬಂದರ ನಾನು ಹೋಗತೀನಿ, ಆ ಕೂಗು ನನ್ನ ತಲ್ಯಾಗಿಂದ ಇನ್ನೂ ಹೋಗಿಲ್ಲವ್ವ" ಅಂದ. ಇರೋ ಒಬ್ಬ ಮಗ ಕಣ್ಣಮುಂದ ಇರಲಿ ಅಂತ ನಿನಗ ಸುಳ್ಳು ಬರದೆ. ಸಾವಂತ್ರಿ ಬಾಯಿಗೂ ಆಣಿ ಹಾಕಿಸಿದ್ದೆ. ನಿನ್ನ ಕಾಗದ ಅವಂಗ ಓದಿಸಿದೆ. ಓದಿ ಮಡಚಿ ಇಟ್ಟ. ಇವತ್ತ ಮುಂಜಾನಿ ಅವನ ಅರಿವಿ ಗಂಟು ಕಟ್ಟಿ ಕುರುಗೋಡಿಗೆ ಸುಂಕಪ್ಪನ ಮನಿಗೆ ಕಳಿಸಿದೆ. ಕಟ್ಟಿ ಸಾಕಿದ ಮಗ, ಬಿಚ್ಚಿದ ಮ್ಯಾಲ ಎಲ್ಲೂ ನಿಲ್ಲಲಿಲ್ಲ.

ಆ ಅಧಿಕಾರಿಗಳು ಕೇಳಿದರ ಹೇಳು. ಕೂಸು ಅಜ್ಜಿ ಹತ್ತಿರ ಇರತೈತಿ. ಅಕಿ ಎಷ್ಟು ಕೂಗಿದರೂ ನನಗ ಕೇಳಂಗಿಲ್ಲ. ಈ ಕಿವಿ ಅದಕ್ಕ ಬರಲಿ ಉಪಯೋಗಕ್ಕ.

ಹುಲುಗಮ್ಮ


ಬಳ್ಳಾರಿ
3 ನವೆಂಬರ್ 2024

ಅತ್ತೆಮ್ಮ,

ಮಕ್ಕಳ ರಕ್ಷಣೆಯವರು ಒಪ್ಪಿದ ಮೇಲೆ ಪಂಪಿಯನ್ನು ನಿಮ್ಮ ಬಳಿ ಬಿಟ್ಟು ಬಂದು ಇವತ್ತಿಗೆ ಎಂಟು ದಿನ. ನಾನು ಹೊರಟಾಗ ಅವಳು ಅಳಲಿಲ್ಲ, ಅಂಗಳದಲ್ಲಿ ಜೋಡಿಸುತ್ತಿದ್ದ ಕಲ್ಲಿನಿಂದ ತಲೆ ಎತ್ತಲಿಲ್ಲ. ಬಾಗಿಲ ಹಿಂದೆ ನಿಮ್ಮ ಮಗನ ಹಳೆಯ ಚಪ್ಪಲಿ ಇದ್ದವು. ನೋಡಿದೆ. ಕೇಳಬೇಕಾದ್ದು ಏನೂ ನೆನಪಾಗಲಿಲ್ಲ.

ಬಸ್ಸಿನಲ್ಲಿ ಸಾವಂತ್ರಮ್ಮ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟು ಪಕ್ಕದಲ್ಲಿ ಕೂತರು. ಹೆಂಗಸರಿಗೆ ಬಸ್ಸು ಪುಕ್ಕಟೆ, ದುಡ್ಡಿಲ್ಲ ಅದಕ್ಕೆ ಬರಲಿಲ್ಲ ಅನ್ನುವ ನೆಪವೂ ನಮಗೆ ಉಳಿದಿಲ್ಲ ಅಂದೆ.

ಒಂದು ಹೇಳಬೇಕು. ಆ ದಿನ ಮನೆಗೆ ಬಂದು ಸೀರೆಯೂ ಬದಲಿಸದೆ ಮಲಗಿದೆ. ಎದ್ದಾಗ ಮರುದಿನ ಹತ್ತು ಗಂಟೆ. ಆರು ವರ್ಷದಲ್ಲಿ ನಾನು ಹಾಗೆ ಮಲಗಿರಲಿಲ್ಲ. ಎದ್ದಾಗ ಅಂಗೈ ಗೋಡೆಗೆ ಒತ್ತಿಕೊಂಡೇ ಇತ್ತು. ಮೈ ಹಗುರಾಗಿತ್ತು, ಹಸಿವಾಗಿತ್ತು, ಎರಡು ಬಟ್ಟಲು ಅನ್ನ ಉಂಡೆ. ಮಗಳನ್ನು ಕಳಿಸಿ ಇಷ್ಟು ನಿದ್ದೆ ಬಂದ ತಾಯಿ ಎಂಥವಳು ಅಂತ ಆಮೇಲೆ ಅನ್ನಿಸಿತು. ಅವತ್ತಿನಿಂದ ಮತ್ತೆ ನಿದ್ದೆ ಇಲ್ಲ.

ಅವಳು ಊಟ ಮಾಡುತ್ತಾಳೆಯೇ? ನನ್ನನ್ನು ಹುಡುಕುತ್ತಾಳೆಯೇ? ಇಲ್ಲ ಅಂದರೆ ಇಲ್ಲ ಅಂತಲೇ ಬರೆಯಿರಿ.

ಯಶೋಧರಾ


ಸಿರುಗುಪ್ಪ
10 ನವೆಂಬರ್ 2024

ಯಶೋಧಾ,

ಇನ್ನ ಮ್ಯಾಲ ಖರೇನ ಬರೀತೀನಿ. ಉಣ್ಣತಾಳ, ಆದರ ಬರೇ ಮೊಸರನ್ನ. ನನ್ನ ತೋಳು ಎರಡು ಸಲ ಕಚ್ಚ್ಯಾಳ, ಮುದಿ ತೊಗಲು, ಏನಾಗಂಗಿಲ್ಲ. ಓಣ್ಯಾಗಿನ ಹೆಣಮಕ್ಕಳಿಗೆ ಹೇಳೀನಿ, ಹೋಗತ ಬರತ ಕಾಂಪೌಂಡಿನ ಮ್ಯಾಲಿಂದ ಒಮ್ಮೆ ಇಣಿಕಿ ಹೋಗತಾರ. ಸರ್ಕಾರಿ ಸಾಲಿ ಟೀಚರ್ ಬಂದು ನೋಡಿ ಹೋದರು, ಕರಕೊಂಡು ಬರ್ರಿ ಅಂದಾರ.

ನಿನ್ನ ಹುಡುಕಂಗಿಲ್ಲ. ಹಂಗಂತ ನನಗ ಕಾಣತೈತಿ. ಬಾಗಿಲ ಕಡೆ ಓಡಂಗಿಲ್ಲ, ಅಳಂಗಿಲ್ಲ.

ಒಂದು ಆಟ ಕಲತಾಳ ನೋಡು. ನೀನು ಕೊಟ್ಟ ಚೀಲದ ತಳದಾಗ ಆ ಜೀನ್ಸ್ ಪಟ್ಟಿ ಉಳಿದಿತ್ತು. ನಾನು ತಿಪ್ಪಿಗೆ ಬಿಸಾಕಿ ಬಂದಿದ್ದೆ, ಅಕಿ ಹೋಗಿ ಹುಡುಕಿ ತಂದಳು. ದಿನಾ ಸಂಜಿಮುಂದ, ದೀಪ ಹಚ್ಚೋ ಹೊತ್ತಿಗೆ, ಒಂದು ತುದಿ ಗೇಟಿಗೆ ಕಟ್ಟತಾಳ, ಇನ್ನೊಂದು ತುದಿ ಹಲ್ಲಿಲೆ ಹಿಡಿದು ತನ್ನ ಎಡಗೈಗೆ ಕಟ್ಟಿಕೋತಾಳ. ಆಮ್ಯಾಲ ಸುಮ್ಮನ ಕುಂದರತಾಳ. ತಾನ ಹಾಕಿದ ಗಂಟು, ತಾನ ಬಿಚ್ಚಬಲ್ಲಳು, ಬಿಚ್ಚಂಗಿಲ್ಲ. ನಾನು ಬಿಚ್ಚಾಕ ಹೋದರ ಕೈ ಕಚ್ಚತಾಳ. ಕೈ ಮುಂದಕ್ಕ ಚಾಚಿಕೊಂಡು ಅಲ್ಲೇ ನಿದ್ದಿ ಹೋಗತಾಳ, ಆವಾಗ ಬಿಚ್ಚಿ ಎತ್ತಿಕೊಂಡು ಬರತೀನಿ. ಎಂಥಾ ಆಟ ಅಂತ ತಿಳಿಯಂಗಿಲ್ಲ. ಕೂಸು ಆಡಲಿ ಅಂತ ಬಿಟ್ಟೀನಿ.

ನೀ ಮಲಗಿದ್ದು ತಪ್ಪಲ್ಲ. ಮಲಗು.

ಹುಲುಗಮ್ಮ


ಬಳ್ಳಾರಿ
11 ನವೆಂಬರ್ 2024

ಅತ್ತೆಮ್ಮ,

ಅದು ಆಟ ಅಲ್ಲ.

ಎರಡು ತಿಂಗಳು ದಿನಾ ಸಂಜೆ ಏಳಕ್ಕೆ ನಾನು ಬೀಗ ತೆಗೆದು ಒಳಗೆ ಬಂದು, ಕತ್ತರಿ ಹಿಡಿದು ಅವಳ ಮುಂದೆ ಕೂರುತ್ತಿದ್ದೆ. ಅವಳು ಕೈ ಚಾಚುತ್ತಿದ್ದಳು. ಕಟ್ಟಿದ ದಿನ ಅಮ್ಮ ಬಂದೇ ಬರುತ್ತಾಳೆ, ಬಂದು ಬಿಚ್ಚುತ್ತಾಳೆ. ನಾನು ಅವಳಿಗೆ ಕಲಿಸಿದ್ದು ಇದೊಂದೇ. ಈಗ ನಾನು ಬರಲಿ ಅಂತ ತನ್ನನ್ನು ತಾನೇ ಕಟ್ಟಿಕೊಂಡು ಕೂರುತ್ತಾಳೆ.

ಆ ಪಟ್ಟಿ ಕಸಿದುಕೊಳ್ಳಬೇಡಿ. ಅವಳು ಕೂತಷ್ಟು ಹೊತ್ತು ಪಕ್ಕದಲ್ಲಿ ಕೂರಿ. ಆಗಾಗ ಎರಡು ಬೆರಳು ಒಳಗೆ ಹಾಕಿ ನೋಡಿ, ಬಿಗಿ ಇರಬಾರದು.

ದೊಡ್ಡಬಸಪ್ಪನವರನ್ನು ಕೇಳಿದ್ದೇನೆ. ಇನ್ನು ಮೇಲೆ ಶನಿವಾರ ನಾಲ್ಕಕ್ಕೆ ಬಿಡುತ್ತಾರೆ, ಏಳರೊಳಗೆ ಗೇಟಿನ ಹತ್ತಿರ ಇರುತ್ತೇನೆ. ಗಂಟು ನಾನೇ ಬಿಚ್ಚುತ್ತೇನೆ. ಸೋಮವಾರ ನಸುಕಿನಲ್ಲಿ ಮತ್ತೆ ಹೊರಡುವಾಗ ಅವಳಿಗೆ ಏನು ಹೇಳಬೇಕೋ, ಹೇಗೆ ಹೇಳಬೇಕೋ ಗೊತ್ತಿಲ್ಲ.

ಇವತ್ತು ಸೋಮವಾರ. ಶನಿವಾರದೊಳಗೆ ಇನ್ನೂ ಐದು ಸಂಜೆಗಳಿವೆ.

ಯಶೋಧರಾ